ಮಸ್ಕತ್ತಿನ ಮಧ್ಯಾಹ್ನದ ಜೊತೆ ಜಗಳ ಬೇಡ

ಒಬ್ಬರೇ ಪ್ರವಾಸ ಹೋಗುವವರಿಗೆ ಒಮಾನ್ ದೇಶದ ಮಸ್ಕತ್ ಒಳ್ಳೆಯ ಊರು ಅಂತ ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ನಾನು ಕುಂದಾಪುರದವಳು. ಮಸ್ಕತ್ತಿನ ರೂವಿಯಲ್ಲಿ ಒಂದು ವ್ಯಾಪಾರದ ಕಚೇರಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವಳು. ಮನೆಯವರೆಲ್ಲ ಊರಲ್ಲಿ, ನಾನೊಬ್ಬಳು ಅಲ್ಲಿ. ಹಾಗಾಗಿ ಆ ಊರನ್ನು ಒಬ್ಬಳೇ ತಿರುಗಿ ತಿರುಗಿಯೇ ಕಲಿತದ್ದು. ಪತ್ರ ಬರೆದವರಲ್ಲಿ ಹೆಚ್ಚಿನವರು ಬೇಸಿಗೆಯಲ್ಲೇ ಹೊರಟವರು. ಹೋಟೆಲ್ ರೂಮು ಅಗ್ಗವಾಗುವುದು ಆಗಲೇ ಅಲ್ವಾ. ಹೆಸರು ಹಾಕಬೇಡಿ ಅಂದವರು ಜಾಸ್ತಿ, ಅದಕ್ಕೇ ಊರಿನ ಹೆಸರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಮೊದಲ ಸಲ ದೇಶದ ಹೊರಗೆ ಹೋಗ್ತಿದ್ದೇನೆ, ಅದೂ ಒಬ್ಬಳೇ. ಜೂನ್ ಮೂರನೇ ವಾರ. ರೂವಿಯಲ್ಲಿ ರೂಮು. ಮೊದಲ ದಿನಕ್ಕೆ ಹೀಗೆ ಹಾಕಿಕೊಂಡಿದ್ದೇನೆ: ತಿಂಡಿ ಮುಗಿಸಿ ಹತ್ತೂವರೆಗೆ ಹೊರಟು ಮತ್ರಾ ಸೂಕ್ ಅನ್ನುವ ಹಳೇ ಪೇಟೆ, ಅಲ್ಲಿಂದ ನಡೆದುಕೊಂಡೇ ಅರಮನೆ, ಮಧ್ಯಾಹ್ನ ದೊಡ್ಡ ಮಸೀದಿ, ಆಮೇಲೆ ಒಪೆರಾ ಹೌಸ್, ಸಂಜೆ ಕುರುಮ್ ಬೀಚ್. ಸರಿ ಇದೆಯಾ? (ಶಿವಮೊಗ್ಗ)

ಉತ್ತರ: ಜಾಗಗಳೆಲ್ಲ ಸರಿ ಇವೆಯಮ್ಮ. ಹೊತ್ತುಗಳೆಲ್ಲ ತಪ್ಪಿವೆ.

ಮೊದಲು ಬಿಸಿಲಿನ ವಿಷಯ. ಕರ್ಕಾಟಕ ಸಂಕ್ರಾಂತಿ ವೃತ್ತ ಮಸ್ಕತ್ತಿನ ಸ್ವಲ್ಪವೇ ದಕ್ಷಿಣಕ್ಕೆ ಹಾದುಹೋಗುತ್ತದೆ. ನೀವು ಹೋಗುವ ಜೂನ್ ಮೂರನೇ ವಾರ ಸೂರ್ಯ ಬರುವುದೂ ಅಲ್ಲಿಗೇ. ನಡು ಮಧ್ಯಾಹ್ನ ರಸ್ತೆಯಲ್ಲಿ ನಿಂತರೆ ನಿಮ್ಮ ನೆರಳು ನಿಮ್ಮ ಚಪ್ಪಲಿಯ ಕೆಳಗೆ ಅಡಗಿರುತ್ತದೆ. ಕಟ್ಟಡದ್ದೂ ಅಷ್ಟೇ, ಗೋಡೆ ಪಕ್ಕ ನಿಂತರೂ ನೆರಳು ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೂಲಿಯವರಿಂದ ಕೆಲಸ ಮಾಡಿಸಬಾರದು ಅಂತ ಆ ದೇಶದಲ್ಲಿ ಕಾನೂನೇ ಇದೆ. ದುಡಿಯಲು ಬಂದವರಿಗೇ ರಜೆ ಕೊಡುವ ಹೊತ್ತಿನಲ್ಲಿ ನೋಡಲು ಬಂದ ನೀವು ಯಾಕೆ ತಿರುಗಬೇಕು?

ಎರಡನೆಯದು, ಊರೇ ಆ ಹೊತ್ತಿನಲ್ಲಿ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನ ಒಂದರ ಸುಮಾರಿಗೆ ಅಂಗಡಿಗಳ ಶಟರ್ ಬೀಳುತ್ತದೆ, ಮತ್ತೆ ತೆರೆಯುವುದು ನಾಲ್ಕರ ಮೇಲೆ. ಸೂಕ್‌ಗೆ ಜೀವ ಬರುವುದು ಕತ್ತಲಾದ ಮೇಲೆ. ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿಗೆ ಬೇರೆ ಧರ್ಮದವರನ್ನು ಬಿಡುವುದು ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ, ಅದೂ ಶುಕ್ರವಾರ ಇಲ್ಲ. ನಿಮ್ಮ ಪಟ್ಟಿಯ ಪ್ರಕಾರ ಹೋದರೆ ಮುಚ್ಚಿದ ಗೇಟು ನೋಡಿಕೊಂಡು ಬರಬೇಕಾಗುತ್ತದೆ.

ಹಾಗಾಗಿ ಪಟ್ಟಿಯನ್ನು ತಿರುಗಿಸಿ ಹಾಕಿ. ಮಸ್ಕತ್ತಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಮನೆಯಲ್ಲಿ ಆರಕ್ಕೆ ಏಳುವವರಿಗೆ ಅಲ್ಲಿ ನಾಲ್ಕೂವರೆಗೇ ಎಚ್ಚರವಾಗುತ್ತದೆ. ಮೊದಲ ಮೂರು ನಾಲ್ಕು ದಿನ ಇದು ದೊಡ್ಡ ಉಪಕಾರ. ಅಲ್ಲಿನ ಟೈಮಿಗೆ ಹೊಂದಿಕೊಳ್ಳುತ್ತೇನೆ ಅಂತ ಹಟ ಮಾಡಿ ಮಲಗಬೇಡಿ. ಐದೂಕಾಲು, ಐದೂವರೆಗೆಲ್ಲ ಬೆಳಕು ಹರಿದಿರುತ್ತದೆ. ಎದ್ದು ಮತ್ರಾಗೆ ಹೋಗಿ. ರೂವಿಯಿಂದ ದೂರವಿಲ್ಲ.

ಮತ್ರಾದ ಸಮುದ್ರದಂಡೆಯ ಒಂದು ತುದಿಯಲ್ಲಿ ಮೀನು ಮಾರ್ಕೆಟ್ಟಿದೆ. 2017ರಲ್ಲಿ ತೆರೆದ ಹೊಸ ಕಟ್ಟಡ, ನಾರ್ವೆಯ ಸ್ನೊಹೆಟ್ಟಾ ಅನ್ನುವ ಸಂಸ್ಥೆ ವಿನ್ಯಾಸ ಮಾಡಿದ್ದು. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಒಳಗೆ ಹೋದರೆ ನಮ್ಮ ಅಂಜಲ್ ಇದೆ, ಬೂತಾಯಿ ಇದೆ, ಮನುಷ್ಯನಷ್ಟು ಉದ್ದದ ಮೀನುಗಳನ್ನು ಕೈಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಬರುತ್ತಾರೆ. ನೀವು ಶಿವಮೊಗ್ಗದವರು, ಮೀನು ತಿನ್ನುತ್ತೀರೋ ಇಲ್ಲವೋ ಗೊತ್ತಿಲ್ಲ. ತಿನ್ನದಿದ್ದರೂ ಅಲ್ಲಿನ ಕೂಗಾಟ ಕೇಳಲಾದರೂ ಹೋಗಿ. ಆಮೇಲೆ ದಂಡೆಯ ಮೇಲೆ ಸ್ವಲ್ಪ ನಡೆದು ಒಂದು ಚಹಾ ಕುಡಿದು ಎಂಟೂವರೆಯೊಳಗೆ ರೂಮಿಗೆ ವಾಪಸ್ ಬನ್ನಿ. ಮೊದಲ ದಿನದ ಬೆಳಗಿಗೆ ಇಷ್ಟು ಸಾಕು. ಸ್ನಾನ, ಊಟ, ನಿದ್ದೆ. ಐದರ ಮೇಲೆ ಹೊರಬಿದ್ದು ಸಂಜೆ ಕುರುಮ್ ಬೀಚ್ ಅಥವಾ ಮತ್ರಾ ಸೂಕ್, ಯಾವುದಾದರೂ ಒಂದು.

ಮಸೀದಿಗೆ ಎರಡನೇ ದಿನ. ಎಂಟಕ್ಕೆ ಸರಿಯಾಗಿ ಗೇಟಿನಲ್ಲಿರಿ. ಮತ್ರಾದಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರ್ ಆಗುತ್ತದೆ, ನಡೆಯುವ ಮಾತೇ ಇಲ್ಲ. ತಲೆ, ಮಣಿಕಟ್ಟು, ಕಾಲಿನ ಗಂಟಿನವರೆಗೆ ಮುಚ್ಚುವ ಬಟ್ಟೆ ಬೇಕು. ಚೂಡಿದಾರ, ಉದ್ದ ತೋಳು, ಒಂದು ದೊಡ್ಡ ದುಪಟ್ಟಾ ಇದ್ದರೆ ಸಾಕು, ಅಬಾಯಾ (ಮೈಮುಚ್ಚುವ ಉದ್ದ ನಿಲುವಂಗಿ) ಬಾಡಿಗೆಗೆ ತೆಗೆದುಕೊಳ್ಳುವ ಅಗತ್ಯ ಬರುವುದಿಲ್ಲ. ತೆಳ್ಳಗಿನ ಬಟ್ಟೆಯಾದರೆ ಒಳಗೊಂದು ಸ್ಲಿಪ್ ಹಾಕಿ. ಆ ಕಟ್ಟಡಕ್ಕೆ ಬಳಸಿದ ಮೂರು ಲಕ್ಷ ಟನ್ ಮರಳುಗಲ್ಲು ಭಾರತದಿಂದ ಹೋದದ್ದು. ಒಳಗಿನ ಪ್ರಾರ್ಥನಾ ಹಾಲಿನ ಇರಾನಿ ಜಮಖಾನ 70 ಮೀಟರ್ ಉದ್ದ, 60 ಮೀಟರ್ ಅಗಲ, 21 ಟನ್ ತೂಕ. 600 ಹೆಂಗಸರು ನಾಲ್ಕು ವರ್ಷ ಕೂತು ನೇಯ್ದಿದ್ದಾರೆ. ಪ್ರವಾಸಿಗಳಿಗೆ ಅದರ ಮೇಲೆ ಬೇರೆ ನಡೆಹಾಸು ಹಾಕಿರುತ್ತಾರೆ, ಅದನ್ನು ಬಿಟ್ಟು ಆಚೆ ಕಾಲಿಡಬೇಡಿ. ಎಲ್ಲರೂ ತಲೆ ಎತ್ತಿ 14 ಮೀಟರ್ ಎತ್ತರದ ತೂಗುದೀಪ ನೋಡುತ್ತಿರುತ್ತಾರೆ. ನೀವು ಸ್ವಲ್ಪ ಬಗ್ಗಿ ಜಮಖಾನದ ಅಂಚಿನ ಹೂಬಳ್ಳಿ ನೋಡಿ. ಬಣ್ಣದ ಒಳಗೆ ಬಣ್ಣ ಹೇಗೆ ಸೇರಿದೆ ಅಂತ ಹತ್ತಿರದಿಂದಲೇ ಗೊತ್ತಾಗಬೇಕು.

ಅರಮನೆ ಮೂರನೇ ದಿನಕ್ಕಿರಲಿ. ಒಳಗೆ ಬಿಡುವುದಿಲ್ಲ, ಹೊರಗಿಂದ ನೋಡುವುದಷ್ಟೇ. ಅದರ ಎದುರಿಗೇ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ, 2016ರಲ್ಲಿ ಆದದ್ದು. ಅದು ಮಧ್ಯಾಹ್ನವೂ ತೆರೆದಿರುತ್ತದೆ, ಒಳಗೆ ತಂಪು. ಮಧ್ಯಾಹ್ನ ರೂಮಿನಲ್ಲಿ ಮಲಗಲು ಬೇಜಾರಾದವರಿಗೆ ಆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪ್ರಶ್ನೆ: ನಾನು ಮಂಗಳೂರಿನವನು, ಸೆಕೆ ನನಗೇನು ಹೊಸದಲ್ಲ. ಕಳೆದ ಮೇ ತಿಂಗಳಲ್ಲಿ ಮಸ್ಕತ್‌ಗೆ ಹೋಗಿದ್ದೆ. ಮತ್ರಾದಿಂದ ಹಳೇ ಮಸ್ಕತ್‌ಗೆ ಮೂರೇ ಕಿಲೋಮೀಟರ್ ಅಂತ ಮ್ಯಾಪ್ ತೋರಿಸಿತು. ಬೆಳಿಗ್ಗೆ ಹನ್ನೊಂದಕ್ಕೆ ನಡೆಯಲು ಶುರು ಮಾಡಿದೆ. ಅರ್ಧ ದಾರಿಯಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಯಾರೋ ಕಾರು ನಿಲ್ಲಿಸಿ ಮಜ್ಜಿಗೆ ಕುಡಿಸಿ ಹೋಟೆಲಿಗೆ ಬಿಟ್ಟರು. ಮಂಗಳೂರಿನವನಿಗೆ ಹೀಗೆ ಯಾಕಾಯ್ತು? ಮತ್ತೆ ಹೋಗಬೇಕಂತಿದ್ದೇನೆ. (ಮಂಗಳೂರು)

ಉತ್ತರ: ಮಂಗಳೂರಿನವರು ಅಂತಲೇ ಹೀಗಾಯಿತು. ಘಟ್ಟದ ಮೇಲಿನವರು ಆ ಬಿಸಿಲು ನೋಡಿಯೇ ಹೆದರಿ ಒಳಗೆ ಕೂರುತ್ತಾರೆ. ಕರಾವಳಿಯವರಿಗೆ ನಮಗೆಲ್ಲ ಗೊತ್ತು ಅನ್ನುವ ಧೈರ್ಯ.

ನಮ್ಮ ಕಡೆಯ ಸೆಕೆಯಲ್ಲಿ ಬೆವರು ಇಳಿಯುತ್ತದೆ, ಆದರೆ ಬಿಸಿಲು ಮೂವತ್ತನಾಲ್ಕು ಮೂವತ್ತೈದು ಡಿಗ್ರಿಯ ಆಸುಪಾಸು. ತೆಂಗಿನ ನೆರಳಿದೆ, ಹಸಿರಿದೆ. ಮಸ್ಕತ್‌ನಲ್ಲಿ ಸಮುದ್ರದ ತೇವವೂ ಇದೆ, ಮೇಲಿಂದ ನಲವತ್ತು ಡಿಗ್ರಿಯ ಬಿಸಿಲೂ ಇದೆ. ಬೆವರು ಆರಿದರೆ ತಾನೆ ಮೈ ತಂಪಾಗುವುದು? ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಆರುವುದಿಲ್ಲ, ಸುಮ್ನೆ ಹರಿದುಹೋಗುತ್ತದೆ. ನೀರೂ ಉಪ್ಪೂ ಹೋಯಿತು, ತಂಪೂ ಸಿಗಲಿಲ್ಲ. ಅದರ ಮೇಲೆ ಮತ್ರಾದ ಹಿಂದಿರುವ ಗುಡ್ಡಗಳು ನೋಡಿದ್ದೀರಲ್ಲ, ಒಂದು ಹುಲ್ಲುಕಡ್ಡಿ ಇಲ್ಲದ ಕಪ್ಪು ಕಂದು ಬಂಡೆ. ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಊರಿನ ಮೇಲೆ ಬಿಡುತ್ತವೆ. ಮಸ್ಕತ್ತಿನ ಕೆಳಗೆ ಕರಾವಳಿಯಲ್ಲೇ ಕುರಿಯಾತ್ ಅಂತ ಊರಿದೆ. 2018ರ ಜೂನ್ 26ರಂದು ಅಲ್ಲಿ ಇಡೀ ದಿನ, ರಾತ್ರಿಯೂ ಸೇರಿ, ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ.

ಮ್ಯಾಪಿನಲ್ಲಿ ಕಾಣುವ ಕಿಲೋಮೀಟರ್ ಅಲ್ಲಿ ಬೇಸಿಗೆಯಲ್ಲಿ ಲೆಕ್ಕಕ್ಕಿಲ್ಲ. ಎಷ್ಟು ದೂರ ಅಂತ ಕೇಳಬೇಡಿ, ಯಾವ ಹೊತ್ತಿಗೆ ಅಂತ ಕೇಳಿ. ಅದೇ ಮೂರು ಕಿಲೋಮೀಟರನ್ನು ಬೆಳಿಗ್ಗೆ ಆರಕ್ಕೆ ನಡೆದಿದ್ದರೆ ನಿಮ್ಮ ಕಾಗದವೇ ಬರುತ್ತಿರಲಿಲ್ಲ. ಡಿಸೆಂಬರ್, ಜನವರಿಯಲ್ಲಾದರೆ ರಿಯಾಮ್‌ನಿಂದ ಗುಡ್ಡ ಹತ್ತಿ ಮತ್ರಾಗೆ ಇಳಿಯುವ ಹಳೆಯ ಕಾಲುದಾರಿಯಲ್ಲೇ ಹೋಗಬಹುದು. ಸಿ38 ಅಂತ ಬೋರ್ಡು, ಕಲ್ಲಿನ ಮೇಲೆ ಬಣ್ಣದ ಗುರುತು ಎಲ್ಲ ಹಾಕಿದ್ದಾರೆ. ಮೇ ತಿಂಗಳಲ್ಲಿ ಅದರ ಹತ್ತಿರವೂ ಹೋಗಬೇಡಿ.

ನಿಮಗಾದದ್ದು ಬಳಲಿಕೆ. ತಲೆಸುತ್ತು, ವಾಕರಿಕೆ, ಮೈಯೆಲ್ಲ ಬೆವರು, ಕಾಲಲ್ಲಿ ಸೆಳೆತ: ಇಷ್ಟಾದರೆ ತಂಪಿನ ಜಾಗಕ್ಕೆ ಹೋಗಿ ಕಾಲು ಮೇಲೆ ಇಟ್ಟು ಮಲಗಿ ಓಆರ್‌ಎಸ್ ಕುಡಿದರೆ ಸರಿಹೋಗುತ್ತದೆ. ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ತಿಳಿಯದಿದ್ದರೆ, ಮೈ ಕೆಂಡವಾಗಿ ಸುಡುತ್ತಿದ್ದರೆ ಅದು ಬೇರೆ ಕತೆ. ಅದಕ್ಕೆ ಆಸ್ಪತ್ರೆಯೇ ಗತಿ, ತಡ ಮಾಡಬಾರದು. ತುರ್ತು ನಂಬರ್ 9999, ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಒಬ್ಬರೇ ಹೋಗುವವರಿಗೆ ಇದರಲ್ಲಿ ಇನ್ನೊಂದು ತೊಂದರೆ ಇದೆ. ಮಾತು ತೊದಲುತ್ತಿದೆ ಅಂತ ನಮಗೇ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಹೇಳುವವರೂ ಇರುವುದಿಲ್ಲ. ಅದಕ್ಕೇ ತಲೆ ಸ್ವಲ್ಪ ಹಗುರ ಅನಿಸಿದ ತಕ್ಷಣ ಎದುರಿಗಿರುವ ಯಾವುದೇ ಅಂಗಡಿಗೆ ನುಗ್ಗಿ ಕೂತುಬಿಡಿ. ಯಾರೂ ಏಳು ಅನ್ನುವುದಿಲ್ಲ.

ಪ್ರಶ್ನೆ: ನಾನು ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಒಬ್ಬನೇ ಹೋಗುತ್ತಿದ್ದೇನೆ. ಊಟಕ್ಕೇನು? ಕುಡಿಯುವ ನೀರು? ಸ್ನಾನದ ನೀರು ಹೇಗಿರುತ್ತದೆ? (ಹಾಸನ)

ಉತ್ತರ: ಊಟಕ್ಕೆ ಚಿಂತೆ ಬೇಡವೇ ಬೇಡ. ರೂವಿಯಲ್ಲಿ ಇಡ್ಲಿ, ಮಸಾಲೆ ದೋಸೆ, ಗುಜರಾತಿ ಥಾಲಿ ಎಲ್ಲ ಸಿಗುತ್ತದೆ. ಆದರೆ ಮಸ್ಕತ್‌ಗೆ ಹೋಗಿ ಮೂರು ಹೊತ್ತೂ ದೋಸೆ ತಿಂದು ಬರಬೇಡಿ ಮಾರಾಯ್ರೆ. ಗಲ್ಲಿಗೊಂದು ಚಹಾದಂಗಡಿ ಇದೆ, ಹೆಚ್ಚಿನವು ಮಲಯಾಳಿಗಳದ್ದು. ಅಲ್ಲಿ ಪರೋಟದ ಮೇಲೆ ಚೀಸ್ ಸವರಿ, ಚಿಪ್ಸ್ ಒಮಾನ್ ಅನ್ನುವ ಅಲ್ಲಿನ ಖಾರದ ಚಿಪ್ಸ್ ಪುಡಿ ಮಾಡಿ ಉದುರಿಸಿ, ಸುತ್ತಿ ಕೊಡುತ್ತಾರೆ. ಕೇಳಲು ವಿಚಿತ್ರ ಅನಿಸುತ್ತದೆ, ತಿಂದರೆ ಬಿಡುವುದಿಲ್ಲ. ಮೊಟ್ಟೆ ಹಾಕಬೇಡ ಅಂತ ಮಾತ್ರ ಮೊದಲೇ ಹೇಳಿ, ಕೈಗೆ ಅಭ್ಯಾಸವಾಗಿ ಒಡೆದು ಹಾಕಿಬಿಡುತ್ತಾರೆ. ಜೊತೆಗೆ ಒಂದು ಕರಕ್ ಚಹಾ, ಹಾಲು ಚೆನ್ನಾಗಿ ಕುದಿಸಿದ ಗಟ್ಟಿ ಚಹಾ.

ಖರ್ಜೂರ, ಹುಮ್ಮುಸ್, ಫಲಾಫೆಲ್, ಹಲ್ವಾ ಇವೆಲ್ಲ ನಿಮಗೆ ನಡೆಯುತ್ತವೆ. ಅನ್ನದ ಅಡುಗೆಗಳಲ್ಲಿ ಮಾಂಸದ ನೀರು ಇರಬಹುದು, ಕೇಳಿ ತಿನ್ನಿ. ಯಾರದ್ದಾದರೂ ಮನೆಗೋ ಅಂಗಡಿಗೋ ಹೋದರೆ ಖರ್ಜೂರದ ಜೊತೆ ಸಣ್ಣ ಕಪ್ಪಿನಲ್ಲಿ ಕಹ್ವಾ ಕೊಡುತ್ತಾರೆ, ಏಲಕ್ಕಿ ಹಾಕಿದ ಕಪ್ಪು ಕಾಫಿ. ಹಾಸನದವರಿಗೆ ಇದು ಕಾಫಿಯಾ ಅಂತ ಅನಿಸುವುದು ಖಂಡಿತ. ಸುಮ್ಮನೆ ಕುಡಿಯಿರಿ. ಕಪ್ಪು ಖಾಲಿಯಾದ ಹಾಗೆಲ್ಲ ಮತ್ತೆ ಸುರಿಯುತ್ತಾರೆ. ಸಾಕಾದರೆ ಕಪ್ಪನ್ನು ಹಿಡಿದು ಆಚೀಚೆ ಸ್ವಲ್ಪ ಅಲ್ಲಾಡಿಸಿ ಕೊಡಿ, ಅವರಿಗೆ ಅರ್ಥವಾಗುತ್ತದೆ.

ಕುಡಿಯಲು ಬಾಟಲಿ ನೀರು. ಅದಕ್ಕಿಂತ ಒಳ್ಳೆಯದು ಲಬನ್, ಅಂಗಡಿಗಳಲ್ಲೆಲ್ಲ ಸಿಗುವ ಮಜ್ಜಿಗೆ. ಉಪ್ಪು ಸೇರಿದ್ದು ಕೇಳಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ನನ್ನ ಚೀಲದಲ್ಲಿ ನೀರು ಇಲ್ಲದಿದ್ದರೂ ಲಬನ್ ಇರುತ್ತಿತ್ತು.

ಸ್ನಾನದ ನೀರಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಯಾರೂ ಇದನ್ನು ಮುಂಚೆ ಹೇಳುವುದಿಲ್ಲ. ನೀರಿನ ಟ್ಯಾಂಕು ತಾರಸಿಯ ಮೇಲೆ ಇರುತ್ತದೆ. ಜೂನ್‌ನಲ್ಲಿ ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಹೊಸಬರು ನಲ್ಲಿ ಕೆಟ್ಟಿದೆ ಅಂದುಕೊಂಡು ರಿಸೆಪ್ಶನ್‌ಗೆ ಫೋನ್ ಮಾಡುತ್ತಾರೆ. ಉಪಾಯ ಏನೆಂದರೆ, ಬಾತ್‌ರೂಮಿನಲ್ಲೇ ಗೀಸರ್ ಇದ್ದರೆ ರೂಮಿಗೆ ಹೋದ ಕೂಡಲೇ ಅದರ ಸ್ವಿಚ್ ಆಫ್ ಮಾಡಿ. ಗೀಸರಿನೊಳಗಿನ ನೀರು ಏಸಿ ರೂಮಿನ ನೆರಳಿನಲ್ಲಿ ಒಂದು ರಾತ್ರಿಯಲ್ಲಿ ತಣಿಯುತ್ತದೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿ, ಅದರಲ್ಲೇ ತಣ್ಣೀರು ಬರುತ್ತದೆ. ಕೊಲ್ಲಿಯಲ್ಲಿ ಇರುವ ನಮ್ಮವರೆಲ್ಲ ಬೇಸಿಗೆ ಕಳೆಯುವುದೇ ಹೀಗೆ. ಪೂರ್ತಿ ಖಾಲಿ ಮಾಡಬೇಡಿ ಅಷ್ಟೇ, ಮೇಲಿಂದ ಬಿಸಿನೀರು ತುಂಬಿಕೊಳ್ಳುತ್ತದೆ.

ಪ್ರಶ್ನೆ: ಮೇಡಂ, ಟ್ಯಾಕ್ಸಿಯವರು ಹೊಸಬರಿಗೆ ಟೋಪಿ ಹಾಕ್ತಾರಾ? ಬಸ್ಸಿದೆಯಾ? ದುಡ್ಡಿನ ಲೆಕ್ಕ ಸ್ವಲ್ಪ ತಿಳಿಸಿರಿ. (ಹುಬ್ಬಳ್ಳಿ)

ಉತ್ತರ: ದುಡ್ಡಿನ ಲೆಕ್ಕ ಮೊದಲು, ನನ್ನ ಹೊಟ್ಟೆಪಾಡೇ ಅದಾಗಿತ್ತಲ್ಲ. ಒಂದು ರಿಯಾಲಿಗೆ ಸಾವಿರ ಬೈಸಾ. ನೂರಲ್ಲ, ಸಾವಿರ. ಅಂಗಡಿಯಲ್ಲಿ 1.500 ಅಂತ ಬರೆದಿದ್ದರೆ ಒಂದೂವರೆ ರಿಯಾಲ್. ರಿಯಾಲ್ ಬೆಲೆಯನ್ನು 1986ರಿಂದ ಡಾಲರಿಗೆ ಕಟ್ಟಿ ಹಾಕಿದ್ದಾರೆ, ಒಂದು ರಿಯಾಲಿಗೆ ಎರಡು ಡಾಲರ್ ಅರವತ್ತು ಸೆಂಟ್. ನಮ್ಮ ದುಡ್ಡಿನಲ್ಲಿ ಇನ್ನೂರಕ್ಕೂ ಮೇಲೆ. ಹಾಗಾಗಿ 'ಬರೀ ಐದು ರಿಯಾಲ್' ಅಂತ ಯಾರಾದರೂ ಅಂದಾಗ ಆ 'ಬರೀ'ಯನ್ನು ನಂಬಬೇಡಿ, ಸಾವಿರ ರೂಪಾಯಿ ದಾಟಿರುತ್ತದೆ. ನೂರು ಬೈಸಾದ ನೋಟು, ಅರ್ಧ ರಿಯಾಲಿನ ನೋಟು ಸದಾ ಜೇಬಿನಲ್ಲಿರಲಿ.

ಮ್ವಾಸಲಾತ್ ಅಂತ ಸರ್ಕಾರಿ ಬಸ್ಸುಗಳಿವೆ, ಕೆಂಪು ಬಣ್ಣ, ಏಸಿ. ಊರೊಳಗಿನ ಟಿಕೆಟ್ಟು ಒಂದು ರಿಯಾಲಿಗಿಂತ ಕಡಿಮೆಯೇ. ರೂವಿಯಿಂದ ಮತ್ರಾ ಕಡೆಗೂ ಹೋಗುತ್ತದೆ, ದೊಡ್ಡ ಹೆದ್ದಾರಿಗುಂಟ ವಿಮಾನ ನಿಲ್ದಾಣದ ಕಡೆಗೂ ಹೋಗುತ್ತದೆ. ಮಸ್ಕತ್ ಅನ್ನುವುದು ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಹಾಸಿದ ಊರು. ಆ ಒಂದು ಹೆದ್ದಾರಿ ತಿಳಿದರೆ ಅರ್ಧ ಊರು ತಿಳಿದ ಹಾಗೆ. ಬಸ್ಸಿನ ಕಷ್ಟ ಬಸ್ಸಿನೊಳಗಿಲ್ಲ, ಸ್ಟಾಪಿನಲ್ಲಿ ಕಾಯುವುದರಲ್ಲಿದೆ. ಸ್ಟಾಪಿನಿಂದ ನೀವು ಹೋಗಬೇಕಾದ ಕಡೆಗೆ ಎಂಟು ಪಥದ ರಸ್ತೆ ದಾಟುವುದರಲ್ಲೂ ಇದೆ. ಬೆಳಿಗ್ಗೆ ಸಂಜೆ ಬಸ್ಸು, ಮಧ್ಯಾಹ್ನ ಹೊರಡಲೇಬೇಕಾದರೆ ಟ್ಯಾಕ್ಸಿ.

ಕಿತ್ತಳೆ ಬಿಳಿ ಬಣ್ಣದ ಟ್ಯಾಕ್ಸಿಗಳನ್ನು ಓಡಿಸುವವರು ಒಮಾನಿಗಳೇ, ಆ ಕೆಲಸ ಹೊರಗಿನವರಿಗೆ ಇಲ್ಲ. ಟೋಪಿ ಅನ್ನುವಷ್ಟು ದೊಡ್ಡ ಮಾತು ಬೇಡ, ಹೊಸಬರ ಮುಖ ನೋಡಿ ಜಾಸ್ತಿ ಕೇಳುವವರು ಇದ್ದಾರೆ. ಓಟ್ಯಾಕ್ಸಿ ಅನ್ನುವ ಆ್ಯಪ್ ಹಾಕಿಕೊಳ್ಳಿ, ಬಾಡಿಗೆ ಮೊದಲೇ ಕಾಣುತ್ತದೆ. ಕೈ ತೋರಿಸಿ ನಿಲ್ಲಿಸಿದ ಟ್ಯಾಕ್ಸಿಯಾದರೆ ಕೂರುವ ಮೊದಲೇ ರೇಟು ಮಾತಾಡಿ. ಹಿಂದಿಯಲ್ಲೇ ಮಾತಾಡಿ, ಅಲ್ಲಿನ ಎಷ್ಟೋ ಜನ ನಿಮ್ಮ ಹುಬ್ಬಳ್ಳಿ ಹಿಂದಿಗಿಂತ ಚೆನ್ನಾಗಿ ಮಾತಾಡುತ್ತಾರೆ. ಸೀಟ್ ಬೆಲ್ಟಿನ ಬಕಲ್ ಮುಟ್ಟುವಾಗ ಹುಷಾರು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿರುತ್ತದೆ.

ಪ್ರಶ್ನೆ: ಅಕ್ಕಾ, ಈಗ ಮಸ್ಕತ್‌ನಲ್ಲೇ ಇದ್ದು ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ತಿರುಗಾಟಕ್ಕೆ ಬಂದವಳು. ಬಂದ ಎರಡನೇ ದಿನವೇ ಅಳು ಬಂತು. ಹಗಲೆಲ್ಲ ರೂಮಿನಲ್ಲಿ ಬಂಧಿ. ಹೊರಗೆ ನಡೆಯುವವರೇ ಇಲ್ಲ, ಎಲ್ಲ ಕಾರು. ಹೋಟೆಲಿನಲ್ಲಿ ಒಬ್ಬಳೇ ಕೂತರೆ ಎಲ್ಲರೂ ನೋಡಿದ ಹಾಗೆ ಅನಿಸುತ್ತದೆ. ವಾಪಸ್ ಬಂದುಬಿಡಲಾ? (ಮೈಸೂರು)

ಉತ್ತರ: ನೋಡಮ್ಮ, ಈ ಕಾಗದ ಅಚ್ಚಾಗುವ ಹೊತ್ತಿಗೆ ನೀವು ಏನು ಮಾಡಿದ್ದೀರೋ. ಅದಕ್ಕೇ ಈ ಉತ್ತರವನ್ನು ನಿಮಗೆ ಮೊದಲೇ ಮೇಲ್ ಮಾಡಿದ್ದೇನೆ. ಉಳಿದವರಿಗೂ ಬೇಕಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಅಳು ಬಂದರೆ ಅಳಿ. ಆದರೆ ಅದರಲ್ಲಿ ಅರ್ಧ ಬಿಸಿಲಿನದ್ದು, ಅರ್ಧ ಮಾತ್ರ ನಿಮ್ಮದು. ಸೆಕೆಗೆ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ನೀರು ಸಾಲುವುದಿಲ್ಲ. ಇಷ್ಟಾದ ಮೇಲೆ ಮನಸ್ಸು ಮಾತ್ರ ಸರಿಯಾಗಿರಬೇಕು ಅಂದರೆ ಹೇಗೆ? ಮೊದಲು ಏಸಿಯನ್ನು 25ಕ್ಕೆ ಇಡಿ. 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗಿದರೆ ಹೊರಗೆ ಕಾಲಿಟ್ಟಾಗ ಕನ್ನಡಕದ ಜೊತೆ ಜೀವವೂ ಮಂಜಾಗುತ್ತದೆ.

ಹಗಲು ಹೊರಗೆ ಯಾರೂ ಇಲ್ಲ ಅಂದಿರಲ್ಲ, ಅದು ನಿಜ. ಆ ಊರಿನವರು ಆಗ ಮನೆಯಲ್ಲಿ ಮಲಗಿರುತ್ತಾರೆ. ನೀವು ಎಚ್ಚರವಿದ್ದು ಕಿಟಕಿಯಿಂದ ಖಾಲಿ ರಸ್ತೆ ನೋಡುತ್ತಿದ್ದೀರಿ. ಅದನ್ನು ನೋಡಿದರೆ ಯಾರಿಗಾದರೂ ದಿಗಿಲಾಗುತ್ತದೆ. ನೀವೂ ಮಲಗಿ. ಸಂಜೆ ಆರರ ಮೇಲೆ ಕುರುಮ್ ಬೀಚಿಗೆ ಹೋಗಿ ನೋಡಿ. ನೀರಿನ ಅಂಚಿನಲ್ಲಿ ಹುಡುಗರ ಫುಟ್‌ಬಾಲ್, ಚಾಪೆ ಹಾಸಿ ಫ್ಲಾಸ್ಕು ಬುಟ್ಟಿ ಇಟ್ಟುಕೊಂಡು ಕೂತ ಸಂಸಾರಗಳು, ಸ್ಟ್ರಾಲರ್ ತಳ್ಳುವ ಅಪ್ಪಂದಿರು, ರಾತ್ರಿ ಹತ್ತಕ್ಕೂ ಆಟ ಬಿಡದ ಮಕ್ಕಳು. ಹಗಲು ಕಾಣದ ಊರೆಲ್ಲ ಅಲ್ಲಿರುತ್ತದೆ. ಸಂಸಾರಗಳು ಕೂತಿರುವ ಕಡೆಗೇ ನೀವೂ ಕೂತುಕೊಳ್ಳಿ. ಯಾವುದಾದರೂ ಅಜ್ಜಿ ಕರೆದು ಖರ್ಜೂರ ಕೊಟ್ಟರೆ ಬೇಡ ಅನ್ನಬೇಡಿ.

ಹೋಟೆಲಿನಲ್ಲಿ ನೋಡುತ್ತಾರೆ ಅಂದಿರಿ. ರೂವಿಯಲ್ಲಿ, ಅದೂ ಶುಕ್ರವಾರ ಸಂಜೆ, ಸ್ವಲ್ಪ ನೋಡುತ್ತಾರೆ. ಅವತ್ತು ವಾರದ ರಜೆ. ಲೇಬರ್ ಕ್ಯಾಂಪುಗಳಿಂದ ಬಂದ ನಮ್ಮ ದೇಶದವರು, ಬಾಂಗ್ಲಾದವರು ಆ ಬೀದಿಯನ್ನೆಲ್ಲ ತುಂಬಿರುತ್ತಾರೆ, ಸಾವಿರ ಗಂಡಸರ ನಡುವೆ ಹೆಂಗಸರು ಬೆರಳೆಣಿಕೆ. ಕೆಟ್ಟದ್ದೇನೂ ಆಗುವುದಿಲ್ಲ. ಆದರೆ ಹಿತವಾಗಿಯೂ ಇರುವುದಿಲ್ಲ. ಆ ಒಂದು ಸಂಜೆ ರೂವಿ ಬಿಟ್ಟು ಬೀಚಿಗೋ ಮತ್ರಾಗೋ ಹೋಗಿ. ಉಳಿದ ದಿನ ಹೋಟೆಲುಗಳಲ್ಲಿ ಫ್ಯಾಮಿಲಿ ರೂಮ್ ಅಂತ ಬೇರೆ ಇರುತ್ತದೆ. ಒಬ್ಬಳೇ ಅಂದರೂ ಅಲ್ಲಿ ಕೂರಿಸುತ್ತಾರೆ, ನಾಚಿಕೊಳ್ಳದೆ ಕೇಳಿ.

ಇನ್ನೊಂದು, ದಿನಾ ಹೊಸ ಜಾಗ ನೋಡಲೇಬೇಕು ಅನ್ನುವ ಹಟ ಬಿಡಿ. ಒಂದೇ ಚಹಾದಂಗಡಿಗೆ ದಿನಾ ಬೆಳಿಗ್ಗೆ ಹೋಗಿ. ಎರಡನೇ ದಿನ ಆ ಹುಡುಗ ನೀವು ಬಾಯಿ ಬಿಡುವ ಮೊದಲೇ ಚಹಾ ಇಡುತ್ತಾನೆ. ಮೂರನೇ ದಿನ ಯಾವ ಊರು ಅಂತ ಕೇಳುತ್ತಾನೆ. ಮೈಸೂರು ಅಂದರೆ ಅವನ ಅಕ್ಕನೋ ತಮ್ಮನೋ ಅಲ್ಲಿ ನರ್ಸಿಂಗ್ ಓದಿರುತ್ತಾರೆ. ಮಲಯಾಳಿಗಳಲ್ಲವಾ, ಇಲ್ಲದೇ ಇರುವುದಿಲ್ಲ. ಆಮೇಲೂ ವಾಪಸ್ ಬರಬೇಕು ಅನಿಸಿದರೆ ಬನ್ನಿ. ಅದರಲ್ಲಿ ಸೋಲು ಏನಿದೆ? ಟಿಕೆಟ್ ನಿಮ್ಮದು, ರಜೆ ನಿಮ್ಮದು.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಮೇಷ್ಟ್ರು. ಯುರೋಪಿನಲ್ಲಿರುವ ಮಗಳ ಮನೆಗೆ ಹೋಗುವಾಗ ಮಸ್ಕತ್‌ನಲ್ಲಿ ಎರಡು ದಿನ ಇಳಿಯುವ ಯೋಚನೆ. ವಯಸ್ಸು 66, ಬಿ.ಪಿ. ಮಾತ್ರೆ ಇದೆ. ನೋಡುವಂಥದ್ದು ಏನಾದರೂ ಇದೆಯಾ, ಅಥವಾ ಬರೀ ಮಾಲ್‌ಗಳಾ? (ಹೊಸಪೇಟೆ)

ಉತ್ತರ: ಮೇಷ್ಟ್ರೇ, ಹೊಸಪೇಟೆಯವರು ನೀವು ಈ ಪ್ರಶ್ನೆ ಕೇಳಬಹುದಾ! ನಿಮ್ಮ ಹಂಪಿಗೆ ಬಂದ ಅಬ್ದುಲ್ ರಜಾಕ್ ಮಸ್ಕತ್ ಮೇಲೆ ಹಾದೇ ಬಂದದ್ದು. ಹೆರಾತಿನ ದೊರೆ ಶಾರುಖ್‌ನ ರಾಯಭಾರಿ, 1443ರಲ್ಲಿ ವಿಜಯನಗರ ತಲುಪಿದವನು. ಹೋರ್ಮುಜ್‌ನಲ್ಲಿ ಹಡಗು ತಡವಾಗಿ, ಹಡಗು ಓಡಲು ಬೇಕಾದ ಗಾಳಿಯ ಕಾಲ ಮುಗಿದು, 1442ರ ಬೇಸಿಗೆಯಲ್ಲಿ ಮಸ್ಕತ್ ಕಡೆಯ ದಂಡೆಯಲ್ಲಿ ಸಿಕ್ಕಿಹಾಕಿಕೊಂಡ. ಮೂಳೆಯೊಳಗಿನ ಮಜ್ಜೆ ಬೇಯುತ್ತಿತ್ತು, ಒರೆಯಲ್ಲಿದ್ದ ಕತ್ತಿ ಮೇಣವಾಗಿ ಕರಗುತ್ತಿತ್ತು ಅನ್ನುವ ಅರ್ಥದಲ್ಲಿ ಅಲ್ಲಿನ ಬಿಸಿಲನ್ನು ಬಣ್ಣಿಸಿದ್ದಾನೆ. ಅವನೂ ಜೊತೆಯವರೂ ಕಾಯಿಲೆ ಬಿದ್ದರು. ವಿಜಯನಗರದ ಏಳು ಸುತ್ತಿನ ಕೋಟೆ, ಮಾರುಕಟ್ಟೆಯ ಗುಲಾಬಿ ನೋಡಿ ಅವನು ಅಷ್ಟು ಖುಷಿಪಟ್ಟಿದ್ದಕ್ಕೆ ಈ ಬಿಸಿಲೂ ಒಂದು ಕಾರಣ ಇರಬೇಕು ಅಂತ ನನ್ನ ಗುಮಾನಿ.

ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ಮೈಸೂರಿನ ಗಂಧ, ಮೆಣಸು, ಏಲಕ್ಕಿ ಆ ಕಡೆ ಹೋಗುತ್ತಿತ್ತು. ರೇಷ್ಮೆ ಹುಳು ಹುಡುಕಿ ಕಳಿಸಿ ಅಂತ ಅಲ್ಲಿದ್ದ ತನ್ನ ಆಳುಗಳಿಗೆ ಬರೆದಿದ್ದಾನೆ. ಮಸ್ಕತ್ ಜನ ಉಣ್ಣುತ್ತಿದ್ದ ಅಕ್ಕಿಯಲ್ಲಿ ನಮ್ಮ ಮಂಗಳೂರು ಕಡೆಯ ಅಕ್ಕಿಗೆ ದೊಡ್ಡ ಪಾಲಿತ್ತು.

ಹಳೇ ಮಸ್ಕತ್ತಿನ ಬಂದರಿನ ಎರಡೂ ಕಡೆ ಬಂಡೆಯ ಮೇಲೆ ಕೂತ ಜಲಾಲಿ, ಮಿರಾನಿ ಕೋಟೆಗಳು ಪೋರ್ಚುಗೀಸರು 1580ರ ದಶಕದಲ್ಲಿ ಕಟ್ಟಿ ಮುಗಿಸಿದವು. 1507ರಲ್ಲಿ ಬಂದ ಅವರನ್ನು ಒಮಾನಿಗಳು 1650ರಲ್ಲಿ ಓಡಿಸಿದರು. ಅರಮನೆಯ ಹತ್ತಿರವೇ ಒಂದು ಹಳೆಯ ಶಿವಾಲಯವೂ ಇದೆ, ಗುಜರಾತಿ ವ್ಯಾಪಾರಿಗಳ ಕಾಲದ್ದು, ನೂರು ವರ್ಷಕ್ಕೂ ಹಳೆಯದು. ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ಕೋಟೆ, ದೇವಸ್ಥಾನ ಮುಗಿಸಿ. ಹತ್ತಕ್ಕೆ ಮ್ಯೂಸಿಯಂ ಒಳಗಿರಿ. ಮಾಲ್‌ಗಳು ಇವೆ, ಮಂಡಿ ನೋವಿಗೆ ನಡೆಯಲು ಒಳ್ಳೆಯದು, ಅಷ್ಟೇ.

ಬಿ.ಪಿ.ಯದ್ದು ಎರಡು ಮಾತು. ಕೆಲವು ಮಾತ್ರೆಗಳು ಮೂತ್ರದ ಮೂಲಕ ನೀರು ಹೊರಹಾಕುತ್ತವೆ. ಅಂಥದ್ದಿದ್ದರೆ ಆ ಬಿಸಿಲಲ್ಲಿ ಎಷ್ಟು ನೀರು, ಎಷ್ಟು ಉಪ್ಪು ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ. ಎಲ್ಲ ಮಾತ್ರೆಗೂ ಚೀಟಿ ಜೊತೆಗಿರಲಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳನ್ನು ಚೀಟಿ ಇಲ್ಲದೆ ಒಯ್ಯಲೇಬೇಡಿ.

ಇನ್ನು ಚಿಕ್ಕ ಪ್ರಶ್ನೆಗಳು.

ಛತ್ರಿ ಒಯ್ಯಬೇಕಾ? (ದಾವಣಗೆರೆ) ಒಯ್ಯಿರಿ. ಅಲ್ಲಿ ಯಾರೂ ಹಿಡಿಯುವುದಿಲ್ಲ, ನಗುವವರು ನಗಲಿ. ಒಳಗೆ ಕಪ್ಪು, ಹೊರಗೆ ಬೆಳ್ಳಿ ಬಣ್ಣ ಇರುವುದು ಒಳ್ಳೆಯದು.

ಗುರುವಾರ ರಾತ್ರಿ ಇಳಿಯುತ್ತೇನೆ, ಪರವಾಗಿಲ್ಲವಾ? (ತುಮಕೂರು) ಶುಕ್ರವಾರ ಬೆಳಿಗ್ಗೆ ಊರು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅವತ್ತಿಗೆ ಬೇಕಾದ ಬ್ರೆಡ್ಡು, ಹಣ್ಣು, ನೀರು ಗುರುವಾರವೇ ಕೊಂಡಿಡಿ. ಸಂಜೆ ಎಲ್ಲ ತೆರೆಯುತ್ತದೆ.

ರಂಜಾನಿನಲ್ಲಿ ಹೋಗಬಹುದಾ? (ಬೀದರ್) ಹೋಗಬಹುದು. ಹಗಲು ಹೊರಗೆಲ್ಲೂ ಏನೂ ತಿನ್ನಬಾರದು, ನೀರೂ ಕುಡಿಯಬಾರದು. ಕಾರಿನೊಳಗೂ ಬೇಡ. ಬೇಸಿಗೆಯ ರಂಜಾನಿನಲ್ಲಿ ಒಬ್ಬರೇ ತಿರುಗಾಡುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಫೋಟೋ ತೆಗೆಯಬಹುದಾ? (ಕಾರವಾರ) ಊರು, ಸಮುದ್ರ, ಕೋಟೆ ಎಲ್ಲ ತೆಗೆಯಿರಿ. ಸರ್ಕಾರಿ ಕಚೇರಿ, ಪೊಲೀಸು, ಸೈನ್ಯದ್ದು ಬೇಡ. ಹೆಂಗಸರನ್ನು ಕೇಳದೆ ಬೇಡವೇ ಬೇಡ. ಏಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಬೇಡಿ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಹೋಗುತ್ತದೆ.

ಅಮ್ಮನಿಗೆ ಏನು ತರಲಿ? (ಶಿರಸಿ) ಲೋಬಾನ. ಅಲ್ಲಿನ ದೋಫಾರ್ ಸೀಮೆಯ ಮರದ ಅಂಟು. ದೇವರ ಮುಂದೆ ಕೆಂಡದ ಮೇಲೆ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಬಿಳಿ ಹಸಿರು ಮಿಶ್ರ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ಹೋಜರಿ ಅನ್ನುವ ಬಗೆ ದುಬಾರಿ. ಕಂದು ಬಣ್ಣದ್ದು ಅಗ್ಗ. ದಿನಬಳಕೆಗೆ ನಡುವಿನದ್ದು ಸಾಕು. ಮತ್ರಾ ಸೂಕ್‌ನಲ್ಲಿ ಹೇಳಿದ ರೇಟಿಗೆ ಕೊಳ್ಳಬೇಡಿ, ಚೌಕಾಶಿ ಮಾಡಿ. ಕಾಶ್ಮೀರಿ ಶಾಲು ತೋರಿಸಿದರೆ ನಕ್ಕು ಮುಂದೆ ಹೋಗಿ. ಹಲ್ವಾ ತರುವುದಾದರೆ ಡಬ್ಬವನ್ನು ದೊಡ್ಡ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿಟ್ಟರೆ ಏರ್‌ಪೋರ್ಟ್ ತಪಾಸಣೆಯಲ್ಲಿ ಎತ್ತಿಡುತ್ತಾರೆ.